ಹಳೆಯ ಕಂಪ್ಯೂಟರಿನಲ್ಲಿ ಫೈಲು ಇಳಿಯದಿದ್ದಾಗ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರ ಮನೆಗಳಲ್ಲಿ ಈಗ ಒಂದೊಂದು ಹಳೆಯ ಕಂಪ್ಯೂಟರು ಇದೆ. ಹಿಂಜವಡಿ, ಖರಾಡಿ ಕಡೆಯ ಕಚೇರಿಗಳು ಬಳಸಿ ಬಿಟ್ಟ ಯಂತ್ರಗಳು ನಾಲ್ಕಾರು ಕೈ ದಾಟಿ, ಹೊಸದರ ಬೆಲೆಗಿಂತ ಎಷ್ಟೋ ಕಡಿಮೆಗೆ ನಮ್ಮಂಥವರ ಖೋಲಿಗಳಿಗೆ ಬಂದು ಸೇರುತ್ತವೆ. ಬರಲಿ, ಸಂತೋಷವೇ. ಮಕ್ಕಳ ಪಾಠಕ್ಕೂ ಊರಿನ ಹೊಲದ ಪಹಣಿಗೂ ಭವಿಷ್ಯನಿಧಿಯ ಪಾಸ್‌ಬುಕ್ಕಿಗೂ ಅದೇ ಆಸರೆ. ಆದರೆ ಈಚೆಗೆ ಒಂದೇ ತಕರಾರು ಪದೇ ಪದೇ ನಮ್ಮ ಕಿವಿಗೆ ಬೀಳುತ್ತಿದೆ: ಪುಟವೇನೋ ತೆರೆಯುತ್ತದೆ, ಅಕ್ಷರಗಳೆಲ್ಲ ಕಾಣುತ್ತವೆ, 'ಡೌನ್‌ಲೋಡ್' ಎಂಬ ಗುಂಡಿಯನ್ನು ಒತ್ತಿದರೆ ಮಾತ್ರ ಫೈಲು ಬರುವುದಿಲ್ಲ.

ಇದನ್ನು ಸಣ್ಣ ಮಾತೆಂದು ತಳ್ಳಿಬಿಡುವಂತಿಲ್ಲ. ೨೦೦೦ದ ಸುಮಾರಿಗೆ ಕರ್ನಾಟಕದ ಕಂದಾಯ ಇಲಾಖೆಯು 'ಭೂಮಿ' ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಮುಂದೆ ಅವು ಅಂತರಜಾಲಕ್ಕೂ ಬಂದಮೇಲೆ, ಇಂಡಿ, ಸಿಂದಗಿ, ಅಫಜಲಪುರದ ಕಡೆಯ ಮನುಷ್ಯ ಒಂದು ಪಹಣಿಯ ನಕಲಿಗಾಗಿ ಎರಡು ದಿನದ ಪಗಾರ ಬಿಟ್ಟು ರಾತ್ರಿಯ ಬಸ್ಸು ಹತ್ತುವುದು ಬಹುಮಟ್ಟಿಗೆ ತಪ್ಪಿತು. ಆದರೆ ಈ ಅನುಕೂಲವೆಲ್ಲ ಫೈಲು ಮನೆಯಲ್ಲಿ ಇಳಿದರೆ ತಾನೆ? ಇಳಿಯದಿದ್ದರೆ ಓಣಿಯ ಸೈಬರ್ ಅಂಗಡಿಯೇ ಗತಿ. ಅಲ್ಲಿ ಕೊಡುವ ಹತ್ತಿಪ್ಪತ್ತು ರೂಪಾಯಿ ದೊಡ್ಡದಲ್ಲ. ಭವಿಷ್ಯನಿಧಿಯ ಪಾಸ್‌ವರ್ಡನ್ನು ಅಂಗಡಿಯವನ ಎದುರಿಗೆ ಟೈಪು ಮಾಡಿ, ಆಧಾರದ ಪ್ರತಿಯನ್ನು ಅವನ ಯಂತ್ರದಲ್ಲೇ ಬಿಟ್ಟು ಬರುತ್ತೇವಲ್ಲ, ಅದು ದೊಡ್ಡದು. ಆದ್ದರಿಂದ ಕಂಪ್ಯೂಟರು ಕೆಟ್ಟಿತೆಂದು ರದ್ದಿಗೆ ಹಾಕುವ ಮೊದಲು ಫೈಲು ಎಲ್ಲಿ ತಡೆಯಿತೆಂದು ನೋಡುವುದನ್ನು ಕಲಿತಿರುವುದು ಒಳ್ಳೆಯದು.

ಮೊಟ್ಟಮೊದಲು, ಫೈಲು ನಿಜವಾಗಿಯೂ ಬಂದಿಲ್ಲವೇ ಎಂಬುದನ್ನು ನೋಡಬೇಕು. ಎಷ್ಟೋ ಸಾರಿ ಅದು ಬಂದಿರುತ್ತದೆ, ನಾವು ಹುಡುಕುವ ಜಾಗದಲ್ಲಿ ಇರುವುದಿಲ್ಲ, ಅಷ್ಟೆ. 'ಕಂಟ್ರೋಲ್' ಕೀಲಿಯನ್ನು ಹಿಡಿದುಕೊಂಡು 'ಜೆ' ಒತ್ತಿದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲಿಯೂ ಇಳಿದ ಫೈಲುಗಳ ಪಟ್ಟಿ ಕಾಣುತ್ತದೆ. ಇನ್ನು ಆಧಾರದ ಪಿ.ಡಿ.ಎಫ್. ತೆರೆಯುವಾಗ ಗುಪ್ತಪದ ಕೇಳುತ್ತದೆ. ಅದನ್ನು ಕಂಡು ಫೈಲೇ ಕೆಟ್ಟಿದೆಯೆಂದು ಅಳಿಸಿಬಿಟ್ಟವರೂ ಇದ್ದಾರೆ. ಆ ಗುಪ್ತಪದ, ಆಧಾರದಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ದೊಡ್ಡ ಲಿಪಿಯಲ್ಲಿ, ಅದಕ್ಕೆ ಹತ್ತಿಸಿ ಹುಟ್ಟಿದ ಇಸವಿ. ಮತ್ತೆ ಕೆಲವು ಸಲ ಫೈಲು ಬಂದಿರುತ್ತದೆ, ಆದರೆ ಅದರ ತೂಕ ಎರಡು ಮೂರು ಕೆ.ಬಿ. ಮಾತ್ರ, ತೆರೆಯುವುದೂ ಇಲ್ಲ. ಅದು ಪಾಸ್‌ಬುಕ್ಕಲ್ಲ, ನೀವು ಗುಂಡಿ ಒತ್ತುವಷ್ಟರಲ್ಲಿ ಸಮಯ ಮೀರಿ, ಸರಕಾರಿ ತಾಣವು ನಿಮ್ಮನ್ನು ಹೊರಗೆ ಕಳಿಸಿ, 'ಮತ್ತೆ ಲಾಗಿನ್ ಆಗಿ' ಎಂಬ ಪುಟವನ್ನೇ ಆ ಹೆಸರಿನಲ್ಲಿ ಕಟ್ಟಿ ಕೊಟ್ಟಿರುತ್ತದೆ. ಹೊಸದಾಗಿ ಒಳಗೆ ಹೋಗಿ, ತಡಮಾಡದೆ ಇಳಿಸಿಕೊಂಡರೆ ಸರಿಹೋಗುತ್ತದೆ.

ಫೈಲು ನಿಜವಾಗಿಯೂ ಬಂದಿಲ್ಲವಾದರೆ ಆ ಪಟ್ಟಿಯಲ್ಲಿ ಅದರ ಹೆಸರಿನ ಕೆಳಗೆ ಕಾರಣವೂ ಇಂಗ್ಲಿಷಿನಲ್ಲಿ ಒಂದೆರಡು ಶಬ್ದಗಳಲ್ಲಿ ಇರುತ್ತದೆ. 'ಡಿಸ್ಕ್ ಫುಲ್' ಎಂದರೆ ಇಡಲು ಜಾಗವಿಲ್ಲ. 'ಪರ್ಮಿಷನ್ಸ್' ಎಂಬ ಶಬ್ದವಿದ್ದರೆ ಆ ಫೋಲ್ಡರಿನಲ್ಲಿ ಬರೆಯಲು ನಿಮಗೆ ಅಪ್ಪಣೆಯಿಲ್ಲ. 'ವೈರಸ್ ಸ್ಕ್ಯಾನ್ ಫೇಲ್ಡ್' ಎಂದರೆ ಕಾವಲುಗಾರ ತಡೆದಿದ್ದಾನೆ. ಈ ಸಾಲನ್ನು ಓದದೆ ಗುಂಡಿಯನ್ನೇ ಹತ್ತು ಸಾರಿ ಒತ್ತುವವರೇ ಹೆಚ್ಚು ಎಂಬುದು ನಮ್ಮ ಅನುಭವ.

ಹಳೆಯ ಯಂತ್ರಗಳಲ್ಲಿ ಬಹಳ ಮಾಡಿ ದೋಷವಿರುವುದು ಯಾರೂ ನೋಡದ ಒಂದು ಜಾಗದಲ್ಲಿ: ತಾರೀಖಿನಲ್ಲಿ. ಕಂಪ್ಯೂಟರಿನೊಳಗೆ, ಮದರ್‌ಬೋರ್ಡಿನ ಮೇಲೆ, ಎಂಟಾಣೆಯ ನಾಣ್ಯದಂತಿರುವ ಒಂದು ಸೆಲ್ಲು ಇರುತ್ತದೆ. ಸಾಮಾನ್ಯವಾಗಿ ಅದರ ಹೆಸರು ಸಿ.ಆರ್. ೨೦೩೨. ವಿದ್ಯುತ್ತು ಇಲ್ಲದಾಗಲೂ ಗಡಿಯಾರ ನಡೆಯುವುದು ಅದರ ಬಲದಿಂದ. ಕೆಲವು ವರ್ಷಗಳಲ್ಲಿ ಅದು ಸವೆದುಹೋಗುತ್ತದೆ. ಆಮೇಲೆ ಯಂತ್ರವನ್ನು ಆರಿಸಿ ಹಚ್ಚಿದಾಗಲೆಲ್ಲ ತಾರೀಖು ಹಿಂದಕ್ಕೆ, ಅದು ತಯಾರಾದ ಕಾಲದ ಯಾವುದೋ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಗಂಟೆ ನಿಮಿಷಗಳನ್ನು ಕೈಯಿಂದ ಸರಿಪಡಿಸಿಕೊಂಡು ಇಸವಿಯನ್ನು ಹಾಗೆಯೇ ಬಿಡುವವರುಂಟು. ವಿಂಡೋಸ್ ಎಕ್ಸ್‌ಪಿಯಲ್ಲಂತೂ ಮೂಲೆಯಲ್ಲಿ ಸಾಧಾರಣವಾಗಿ ಸಮಯ ಮಾತ್ರ ಕಾಣುವುದರಿಂದ, ವರ್ಷ ತಪ್ಪಿದ್ದು ಗೊತ್ತೇ ಆಗುವುದಿಲ್ಲ.

ಇಸವಿ ತಪ್ಪಿದರೆ ಫೈಲಿಗೇನು ಎಂದು ಕೇಳಬಹುದು. ಇದನ್ನು ಸ್ವಲ್ಪ ವಿವರಿಸಬೇಕು. ಹೊಸದಾಗಿ ಪುಣೆಗೆ ಬಂದವನಿಗೆ ಖೋಲಿಯ ಮಾಲಕ ಸುಮ್ಮನೆ ಕೀಲಿ ಕೊಡುವುದಿಲ್ಲ. 'ನಿಮ್ಮವರು ಯಾರಾದರೂ ಇದ್ದಾರೆಯೇ, ನಿಮ್ಮ ಪರವಾಗಿ ಹೇಳುವವರು?' ಎಂದು ಕೇಳುತ್ತಾನೆ. ಅವನಿಗೆ ಗುರುತಿರುವ ಒಬ್ಬರು 'ಇವನು ನಮ್ಮೂರವನು, ನಂಬಬಹುದು' ಎಂದರೆ ಬಾಗಿಲು ತೆರೆಯುತ್ತದೆ. ಅಂತರಜಾಲದಲ್ಲಿಯೂ ಕ್ರಮ ಇದೇ. ಪ್ರತಿಯೊಂದು ತಾಣವೂ ತನ್ನ ಗುರುತಿಗೆ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಆ ಪತ್ರಕ್ಕೆ ಜಾಮೀನಾಗಿ ನಿಲ್ಲುವ ದೊಡ್ಡ ಸಂಸ್ಥೆಗಳ ಒಂದು ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿಯೋ ಬ್ರೌಸರಿನಲ್ಲಿಯೋ ಮೊದಲೇ ಇರುತ್ತದೆ. ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಮುದ್ದತು ಉಂಟು. ನಿಮ್ಮ ಗಡಿಯಾರ ೨೦೧೦ನೆಯ ಇಸವಿಯೆಂದು ಹೇಳುತ್ತಿದ್ದರೆ, ಈ ವರ್ಷ ಬರೆದ ಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಬ್ರೌಸರು ನಂಬದೆ ಬಾಗಿಲು ಹಾಕಿಬಿಡುತ್ತದೆ.

ಹಾಗಾದರೆ ಪುಟ ಹೇಗೆ ತೆರೆಯಿತು? ಇಲ್ಲಿಯೇ ಬಹಳ ಜನ ದಾರಿ ತಪ್ಪುವುದು. ಪುಟ ಬರುವ ಯಂತ್ರ ಬೇರೆ, ಫೈಲು ಬರುವ ಯಂತ್ರ ಬೇರೆ ಇರುವುದುಂಟು. ಹಳೆಯ ಕನ್ನಡ ಪುಸ್ತಕಗಳನ್ನು ಹುಡುಕುವ ನಮ್ಮ ಓದುಗರಿಗೆ ಇಂಟರ್‌ನೆಟ್ ಆರ್ಕೈವ್ ಪರಿಚಿತವಾದದ್ದೇ. 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ಸ್ಕ್ಯಾನ್ ಆದ ಪುಸ್ತಕಗಳು ಅಲ್ಲಿ ರಾಶಿಯಾಗಿವೆ. ಅಲ್ಲಿ ಪುಸ್ತಕದ ಹೆಸರು, ವಿವರಗಳನ್ನು ತೋರಿಸುವುದು ಒಂದು ವಿಳಾಸ, ಪಿ.ಡಿ.ಎಫ್. ಕೇಳಿದೊಡನೆ ಅದು ನಿಮ್ಮನ್ನು ಉಗ್ರಾಣದ ಬೇರೊಂದು ವಿಳಾಸಕ್ಕೆ ಕಳಿಸುತ್ತದೆ. ಮೊದಲನೆಯದಕ್ಕೆ ನೀವು ಎಚ್ಚರಿಕೆಯನ್ನು ದಾಟಿ 'ಇರಲಿ, ಮುಂದೆ ನಡೆ' ಎಂದು ಒಪ್ಪಿಗೆ ಕೊಟ್ಟಿದ್ದರೂ ಎರಡನೆಯದಕ್ಕೆ ಆ ಒಪ್ಪಿಗೆ ಸಲ್ಲುವುದಿಲ್ಲ. ಅಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಫೈಲು ನಡುದಾರಿಯಲ್ಲಿ ನಿಂತುಬಿಡುತ್ತದೆ.

ಆದ್ದರಿಂದ ಮೊದಲು ತಾರೀಖು, ತಿಂಗಳು, ಇಸವಿ ಮೂರನ್ನೂ ನೋಡಿರಿ. ಸಮಯವಲಯದಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಎಂಬ ಸಾಲು ಆಯ್ಕೆಯಾಗಿರಬೇಕು. ಸರಿಪಡಿಸಿದ್ದು ಮರುದಿನ ಮತ್ತೆ ಕೆಟ್ಟರೆ ಸೆಲ್ಲು ಮುಗಿದಿದೆ ಎಂದೇ ಅರ್ಥ. ಬುಧವಾರ ಪೇಟೆಯ ತಪ್ಕೀರ್ ಗಲ್ಲಿಗೆ ಹೋದರೆ, ಅಥವಾ ಕೈಗಡಿಯಾರ ರಿಪೇರಿಯ ಅಂಗಡಿಯಲ್ಲಿ ಕೇಳಿದರೂ, ಅಲ್ಪ ಹಣಕ್ಕೆ ಸಿಗುತ್ತದೆ. ಯಂತ್ರದ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಪೆಟ್ಟಿಗೆಯನ್ನು ಬಿಚ್ಚತಕ್ಕದ್ದು. ಹಳೆಯ ಸೆಲ್ಲು ಯಾವ ಮಗ್ಗುಲಾಗಿ ಕೂತಿತ್ತೋ ಹೊಸದನ್ನೂ ಹಾಗೆಯೇ ಕೂರಿಸಬೇಕು. ತೆಗೆದದ್ದನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ. ನುಂಗಿದರೆ ಪ್ರಾಣಕ್ಕೆ ಅಪಾಯ.

ಗಡಿಯಾರ ಸರಿಯಿದ್ದೂ ಫೈಲು ಬಾರದಿದ್ದರೆ ಜಾಮೀನುದಾರರ ಪಟ್ಟಿಯೇ ಹಳತಾಗಿರಬಹುದು. ೨೦೨೧ರ ಸೆಪ್ಟೆಂಬರ್ ೩೦ರಂದು ಹೀಗೆಯೇ ಆಯಿತು. 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಸಂಸ್ಥೆ ಲಕ್ಷಾಂತರ ತಾಣಗಳಿಗೆ ಪುಕ್ಕಟೆಯಾಗಿ ಪ್ರಮಾಣಪತ್ರ ಕೊಡುತ್ತದೆ. ಆ ಪತ್ರಗಳ ಹಿಂದೆ ನಿಂತಿದ್ದ ಒಂದು ಹಳೆಯ ಮೂಲಪತ್ರದ ಮುದ್ದತು ಆ ದಿನ ಮುಗಿಯಿತು. ಹೊಸ ಯಂತ್ರಗಳ ಪಟ್ಟಿಯಲ್ಲಿ ಬದಲಿ ಜಾಮೀನು ಆಗಲೇ ಸೇರಿತ್ತು. ಅವುಗಳಿಗೆ ಏನೂ ಆಗಲಿಲ್ಲ. ಬಹುದಿನದಿಂದ ತಿದ್ದುಪಡಿ ಕಾಣದ ಹಳೆಯ ಯಂತ್ರಗಳಿಗೂ ಹಳೆಯ ಫೋನುಗಳಿಗೂ ರಾತ್ರಿ ಬೆಳಗಾಗುವಷ್ಟರಲ್ಲಿ ಎಷ್ಟೋ ತಾಣಗಳು ಅಪರಿಚಿತವಾದುವು. ಈ ಸಂಕಟಕ್ಕೆ ಒಂದು ಸುಲಭದ ಉಪಾಯವುಂಟು. ಕ್ರೋಮ್ ೨೦೨೨ರ ಸುಮಾರಿನವರೆಗೆ ವಿಂಡೋಸಿನ ಪಟ್ಟಿಯನ್ನೇ ನಂಬಿಕೊಂಡಿತ್ತು. ಫೈರ್‌ಫಾಕ್ಸಾದರೋ ತನ್ನ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ. ಆದ್ದರಿಂದ ಒಂದರಲ್ಲಿ ಬಾರದ ಫೈಲು ಇನ್ನೊಂದರಲ್ಲಿ ಬರುವುದುಂಟು.

ಬ್ರೌಸರಿನ ವಯಸ್ಸೂ ಒಂದು ಕಾರಣ. ವಿಂಡೋಸ್ ೭ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ೨೦೨೦ರ ಜನವರಿ ೧೪ಕ್ಕೆ ನಿಂತಿತು. ಅದರಲ್ಲಿ ನಡೆಯುವ ಕೊನೆಯ ಕ್ರೋಮ್ ೧೦೯ನೆಯದು, ೨೦೨೩ರ ಜನವರಿಯದು. ಫೈರ್‌ಫಾಕ್ಸಿನಲ್ಲಿ ೧೧೫ನೆಯ ಆವೃತ್ತಿಯ ದೀರ್ಘಾವಧಿ ಶಾಖೆ ಕೊನೆಯದು. ೨೦೨೩ರ ಜುಲೈಯಲ್ಲಿ ಬಂದ ಅದಕ್ಕೆ ಅವಧಿಯನ್ನು ಮತ್ತೆ ಮತ್ತೆ ಚಾಚಿ ಭದ್ರತೆಯ ತಿದ್ದುಪಡಿಗಳನ್ನು ಕೊಟ್ಟರು. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಮಾತು ಬಿಡಿ, ಅದು ೨೦೨೨ರ ಜೂನ್ ೧೫ರಂದೇ ನಿವೃತ್ತವಾಯಿತು. ಹೊಸ ತಾಣಗಳು ಹೊಸ ಬ್ರೌಸರುಗಳ ಭಾಷೆಯಲ್ಲಿ ಮಾತನಾಡುತ್ತವೆ. ಗುಂಡಿ ಒತ್ತಿದರೆ ಸಂದೇಶವೂ ಇಲ್ಲ, ಸದ್ದೂ ಇಲ್ಲ ಎಂದಾಗ, ಆ ಗುಂಡಿಯ ಹಿಂದಿನ ಅಪ್ಪಣೆ ಹಳೆಯ ಬ್ರೌಸರಿಗೆ ಅರ್ಥವಾಗಿಲ್ಲ ಎಂದು ತಿಳಿಯಬಹುದು. ಒಂದು ಎಚ್ಚರ: ಪಾಸ್‌ಬುಕ್ಕು, ರಸೀದಿಗಳನ್ನು ಹೊಸ ಕಿಟಕಿಯಲ್ಲಿ ತೆರೆಯುವ ತಾಣಗಳೂ ಇವೆ. ವಿಳಾಸಪಟ್ಟಿಯ ಬಲತುದಿಯಲ್ಲಿ 'ಪಾಪ್-ಅಪ್ ಬ್ಲಾಕ್ಡ್' ಎಂಬ ಸಣ್ಣ ಗುರುತು ಇದೆಯೇ ನೋಡಿ, ಆ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡಿರಿ. ಬ್ರೌಸರಿಗೆ ಯಾರೋ ಅಂಟಿಸಿಟ್ಟ ಎಕ್ಸ್‌ಟೆನ್ಶನ್ನುಗಳು ಅಡ್ಡ ಬರುತ್ತಿವೆಯೇ ಎಂದು ತಿಳಿಯಲು, ಖಾಸಗಿ ಕಿಟಕಿಯೊಂದನ್ನು ತೆರೆದು ಅಲ್ಲಿ ಪ್ರಯತ್ನಿಸುವುದು. ಸಾಮಾನ್ಯವಾಗಿ ಅವು ಅಲ್ಲಿ ಕೆಲಸಮಾಡುವುದಿಲ್ಲ.

ಮತ್ತೂ ಒಂದು ಸಂಗತಿ. ೨೦೨೦ರಿಂದ ಹಂತಹಂತವಾಗಿ ಕ್ರೋಮ್ ಒಂದು ಹೊಸ ನಿಯಮವನ್ನು ಜಾರಿಗೆ ತಂದಿತು: ಭದ್ರವಾದ ಪುಟದಿಂದ ಭದ್ರವಲ್ಲದ ಹಾದಿಯಲ್ಲಿ ಫೈಲು ಕಳಿಸುವಂತಿಲ್ಲ. ಕೊಂಡಿಯ ವಿಳಾಸ 'ಎಚ್.ಟಿ.ಟಿ.ಪಿ.' ಎಂದಷ್ಟೇ ಇದ್ದು ಕೊನೆಗೆ 'ಎಸ್' ಇಲ್ಲದಿದ್ದರೆ ಇದೇ ಕಾರಣ. ಕೊಂಡಿಯ ಮೇಲೆ ಬಲಗುಂಡಿ ಒತ್ತಿ, ವಿಳಾಸವನ್ನು ನಕಲು ಮಾಡಿ, ಹೊಸ ಕಿಟಕಿಯಲ್ಲಿ 'ಎಸ್' ಸೇರಿಸಿ ನೋಡಬಹುದು.

ಜಾಗದ ವಿಚಾರ ಸರಳವಾದದ್ದು. ಬ್ರೌಸರಿನ ಸೆಟ್ಟಿಂಗಿನಲ್ಲಿ ಫೈಲು ಇಡುವ ಸ್ಥಳ 'ಡಿ' ಡ್ರೈವೋ ಪೆನ್‌ಡ್ರೈವೋ ಆಗಿದ್ದು, ಯಂತ್ರವನ್ನು ಮಾರಿದವರು ಆ ಡಿಸ್ಕನ್ನೇ ಕಿತ್ತುಕೊಂಡಿರಬಹುದು. ಸ್ಥಳವನ್ನು 'ಡೆಸ್ಕ್‌ಟಾಪ್' ಎಂದು ಬದಲಿಸಿ ನೋಡಿದರೆ ಅನುಮಾನ ಪರಿಹಾರ. ಹೆಸರು ಅತಿ ಉದ್ದವಾದರೂ ಫೈಲು ಕೂಡುವುದಿಲ್ಲ. ಲಿನಕ್ಸಿನಲ್ಲಿ ಹೆಸರಿಗೆ ಸಿಗುವುದು ೨೫೫ ಬೈಟು ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಗುಣಿತದ ಪ್ರತಿಯೊಂದು ಚಿಹ್ನೆಗೂ ಮೂರು ಮೂರು ಬೇಕು. ಗ್ರಂಥದ ಹೆಸರು, ಕರ್ತೃ, ಪ್ರಕಾಶಕ ಎಲ್ಲವನ್ನೂ ಕನ್ನಡದಲ್ಲಿ ಪೋಣಿಸಿದ ಫೈಲು ನಮ್ಮ ಲಿಪಿಯ ಸಮೃದ್ಧಿಗೇ ಬಲಿಯಾಗುತ್ತದೆ! 'ಸೇವ್ ಆ್ಯಸ್' ಎಂದು ಹೇಳಿ ಚಿಕ್ಕ ಹೆಸರು ಕೊಡಿರಿ.

ಮುದ್ದತು ಮುಗಿದ ಆ್ಯಂಟಿವೈರಸ್ ಇದ್ದರೆ ಅದನ್ನು ತೆಗೆದುಹಾಕಿ ಸರಿಯಾದದ್ದೊಂದನ್ನು ಹಾಕಿಕೊಳ್ಳಬೇಕೇ ಹೊರತು, ಫೈಲಿಗಾಗಿ ಕಾವಲನ್ನೇ ಆರಿಸಿ ಕೂಡುವುದನ್ನು ನಾವು ಒಪ್ಪುವುದಿಲ್ಲ.

ಹೊಸ ಬ್ರೌಸರು ಬೇಕು, ಆದರೆ ಹಳೆಯದು ಏನನ್ನೂ ಇಳಿಸಲೊಲ್ಲದು. ಆಗ ಏನು ಮಾಡುವುದು? ಗೆಳೆಯರ ಯಂತ್ರದಲ್ಲಿ ಇಡೀ ಕಂತೆಯನ್ನು, ಎಂದರೆ ಜಾಲವಿಲ್ಲದೆಯೂ ಸ್ಥಾಪಿಸಬಹುದಾದ 'ಆಫ್‌ಲೈನ್' ಪ್ರತಿಯನ್ನು, ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬರಬೇಕು. ನಿಮ್ಮದು ೩೨ ಬಿಟ್ಟಿನದೋ ೬೪ ಬಿಟ್ಟಿನದೋ ಎಂಬುದನ್ನು ಮೊದಲೇ ಬರೆದುಕೊಂಡು ಹೋಗಿರಿ. 'ಕಂಪ್ಯೂಟರ್' ಚಿತ್ರದ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿದರೆ ತಿಳಿಯುತ್ತದೆ. ತಯಾರಿಸಿದವರ ಸ್ವಂತ ತಾಣದಿಂದಲೇ ತರತಕ್ಕದ್ದು. 'ಪುಕ್ಕಟೆ ಸಾಫ್ಟ್‌ವೇರ್' ಎಂದು ಕೂಗುವ ತಾಣಗಳಲ್ಲಿ ಬ್ರೌಸರಿನ ಜೊತೆಗೆ ಬೇಡದ ನೆಂಟರೂ ಬರುತ್ತಾರೆ.

ಇಷ್ಟು ಮಾಡಿದರೆ ಪಹಣಿ, ಹಾಲ್ ಟಿಕೆಟ್ಟು, ಪುಸ್ತಕಗಳು ಇಳಿಯುತ್ತವೆ. ಆದರೆ ಬ್ಯಾಂಕಿನ ವ್ಯವಹಾರವನ್ನು ವಿಂಡೋಸ್ ೭ರಲ್ಲಿ ನಡೆಸಬೇಡಿರಿ. ಅದರ ತೂತುಗಳನ್ನು ಮುಚ್ಚುವವರು ಈಗ ಯಾರೂ ಇಲ್ಲ. ವಿಂಡೋಸ್ ೧೦ಕ್ಕೂ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಯಂತ್ರ ೬೪ ಬಿಟ್ಟಿನದಾಗಿದ್ದು ನಾಲ್ಕು ಜಿ.ಬಿ.ಯಷ್ಟು ಮೆಮೊರಿ ಇದ್ದರೆ ಲಿನಕ್ಸ್ ಹಾಕಿಸುವುದು ಜಾಣತನ. ಅದಕ್ಕೆ ಹಣವಿಲ್ಲ, ಇಂದಿನ ಬ್ರೌಸರೂ ಅದರೊಂದಿಗೇ ಬರುತ್ತದೆ. ನಮ್ಮ ಪುಣೆಯಲ್ಲೇ ಪ್ರಧಾನ ಕಚೇರಿಯಿರುವ ಸಿ-ಡ್ಯಾಕ್ ಸಂಸ್ಥೆ 'ಬಾಸ್' ಎಂಬ ಲಿನಕ್ಸನ್ನು ೨೦೦೭ರಿಂದ ಹೊರತರುತ್ತ ಬಂದಿದೆ, ಅದರಲ್ಲಿ ಕನ್ನಡವೂ ಉಂಟು. ಹಾಕಿಸುವ ಮೊದಲು ನಿಮ್ಮ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿರಿ.

ಇದೆಲ್ಲ ಆದಮೇಲೂ ಬಗೆಹರಿಯದಿದ್ದರೆ ಯಾರ ಸಲಹೆಯನ್ನು ಕೇಳಲು ಹೋಗುವಾಗಲೂ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ: ಪರದೆಯ ಮೇಲೆ ಬಂದ ಸಂದೇಶ, ಅಕ್ಷರ ಬಿಡದಂತೆ, ವಿಂಡೋಸ್ ಮತ್ತು ಬ್ರೌಸರಿನ ಆವೃತ್ತಿ, ಯಂತ್ರದ ಮೂಲೆಯಲ್ಲಿ ಕಂಡ ತಾರೀಖು, ಇಸವಿಯ ಸಮೇತ. ಪಾಸ್‌ವರ್ಡನ್ನು ಮಾತ್ರ ಆ ಚೀಟಿಯಲ್ಲಿ ಬರೆಯಬೇಡಿರಿ.