ಅಪ್ಪಿಕೊಂಡವರಿಗೆ ಪದಕ ಯಾರು ಕೊಡ್ತಾರೆ?

ಧ್ರುವ ಪ್ರದೇಶಗಳನ್ನು ಕಾಯುವವರಿಗೆ ಅಂತಲೇ ಒಂದು ಪ್ರಶಸ್ತಿ ಇದೆ, ಗೊತ್ತಾ? ಅದರ ಹೆಸರು ಶ್ಯಾಕಲ್ಟನ್ ಪದಕ. 1915ರಲ್ಲಿ ಅಂಟಾರ್ಕ್ಟಿಕಾದ ಮಂಜಿನ ನಡುವೆ ಹಡಗು ನುಚ್ಚುನೂರಾದರೂ, ಅದರಲ್ಲಿದ್ದ 28 ಜನರಲ್ಲಿ ಒಬ್ಬರ ಜೀವವೂ ಹೋಗದಂತೆ ನೋಡಿಕೊಂಡ ಅರ್ನೆಸ್ಟ್ ಶ್ಯಾಕಲ್ಟನ್ ಹೆಸರಿನದು. 2022ರಲ್ಲಿ ಮೊದಲ ಬಾರಿಗೆ ಅದು ಸಿಕ್ಕಿದ್ದು ಫ್ರಾನ್ಸ್‌ನ ಹಿಮನದಿ ವಿಜ್ಞಾನಿ ಹೈಡಿ ಸೆವೆಸ್ಟ್ರ್ ಅವರಿಗೆ.

ಒಳ್ಳೆಯ ಕೆಲಸವೇ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ ಈ ಸುದ್ದಿ ಓದಿದಾಗ ಬೇರೆಯದೇ ಪ್ರಶ್ನೆ ಏಳುತ್ತದೆ. ಮಂಜು ಕಾಯುವವರಿಗೆ ಪದಕ ಇದೆ. ಸರಿ, ಬೆಟ್ಟ ಕಾದವರಿಗೆ?

1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಗಂಡಸರು, ಹೆಂಗಸರು, ಮಕ್ಕಳು, ಊರಿಂದ ಕಾಡಿಗೆ ನಡೆದುಕೊಂಡೇ ಹೋದರು. ಅಲ್ಲಿ ಕೊಡಲಿ ಬೀಳಬೇಕಿದ್ದ ಮರಗಳನ್ನು ತಬ್ಬಿ ನಿಂತರು. ಮೊದಲು ನಮ್ಮನ್ನು ಕಡೀರಿ, ಆಮೇಲೆ ಮರ ಅನ್ನೋದು ಅದರ ಅರ್ಥ. 38 ದಿನ ಹೀಗೇ ನಡೀತು. ಕೊನೆಗೆ ಸರ್ಕಾರ ಕಡಿತ ನಿಲ್ಲಿಸಿತು. ಅದೇ ಅಪ್ಪಿಕೋ ಚಳವಳಿ. ಮುಂದೆ ಅದು ಸಿದ್ದಾಪುರದ ನಿಡಗೋಡಕ್ಕೂ, ಸುತ್ತಲಿನ ಬೇರೆ ಊರುಗಳಿಗೂ ಹಬ್ಬಿತು. ಸಂಘಟಕರಾಗಿ ಪಾಂಡುರಂಗ ಹೆಗಡೆಯವರ ಹೆಸರು ಎಲ್ಲರಿಗೂ ಗೊತ್ತು. ಮರ ತಬ್ಬಿದ ಹೆಂಗಸರ ಹೆಸರು ಎಷ್ಟು ಜನರಿಗೆ ಗೊತ್ತು?

ಸುಮ್ಮನೆ ಒಂದು ಕಾಕತಾಳೀಯ ಹೇಳ್ತೀನಿ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಇಲ್ಲಿಂದ ಹೆಚ್ಚು ದೂರವೇನಲ್ಲದ ಗೋವಾದಿಂದ ಭಾರತದ ಮೂರನೇ ಅಂಟಾರ್ಕ್ಟಿಕಾ ಯಾತ್ರೆ ಹೊರಟಿತು. ಆ ಹಡಗಿನಲ್ಲಿ ಅದಿತಿ ಪಂತ್ ಮತ್ತು ಸುದೀಪ್ತಾ ಸೇನ್‌ಗುಪ್ತಾ ಇದ್ದರು, ಅಂಟಾರ್ಕ್ಟಿಕಾ ಮುಟ್ಟಿದ ಮೊದಲ ಭಾರತೀಯ ಮಹಿಳೆಯರು. ಅವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿದೆ, ಇರಬೇಕಾದ್ದೇ. ಸಾಲ್ಕಣಿಯವರು ಬರೀ 'ಗ್ರಾಮಸ್ಥರು' ಆಗಿ ಉಳಿದರು.

ಈಗಿನ ತಲೆಮಾರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಅಂದು ಮರ ಕಡಿಯುತ್ತಿದ್ದವರು ಕಳ್ಳರಲ್ಲ. ಪರವಾನಿಗೆ ಇತ್ತು, ಇಲಾಖೆಯ ಲೆಕ್ಕ ಇತ್ತು, ಮರಕ್ಕೆ ಗುರುತು ಹಾಕಿತ್ತು. ಪ್ಲೈವುಡ್‌ಗೆ, ಕಾಗದಕ್ಕೆ ಮರ ಬೇಕಿತ್ತು. ಸಹಜ ಕಾಡು ಹೋದಲ್ಲಿ ಸಾಗುವಾನಿ, ನೀಲಗಿರಿ ತೋಪು ಬರುತ್ತಿತ್ತು. ಗುರುತು ಹಾಕಿದ್ದು ಒಂದು ಮರಕ್ಕೇ ಇರಬಹುದು. ಆದರೆ ಆ ದೊಡ್ಡ ಮರ ಉರುಳುವಾಗ ಅಕ್ಕಪಕ್ಕದ್ದನ್ನೂ ಎಳಕೊಂಡು ಬೀಳುತ್ತದೆ. ಕಾಗದದ ಮೇಲಿನ ಲೆಕ್ಕವೇ ಬೇರೆ, ನೆಲದ ಮೇಲಿನ ಲೆಕ್ಕವೇ ಬೇರೆ ಅನ್ನೋದು ಊರವರ ಕಣ್ಣಿಗೆ ಬಿದ್ದಿದ್ದು ಹೀಗೆ.

ಅವರ ಕಣ್ಣು ಅಷ್ಟು ಚುರುಕಾಗಿದ್ದಕ್ಕೆ ಕಾರಣ ಅಡಿಕೆ ತೋಟ. ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಮತ್ತು ದರಕು ಬೇಕು, ಅದು ಬರುವುದು ಬೆಟ್ಟದಿಂದ. ಬ್ರಿಟಿಷರ ಕಾಲದಿಂದಲೂ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ 'ಸೊಪ್ಪಿನ ಬೆಟ್ಟ'ದ ಹಕ್ಕು ಇದೆ. ಕಾಡಿನ ಒರತೆ ಬತ್ತಿದರೆ ತೋಟದ ಕಾಲುವೆ ಒಣಗುತ್ತದೆ. ಹೀಗಿರುವಾಗ ಅವರು ಕಾಡು ಉಳಿಸಿದ್ದು ಬರೀ ಪ್ರೀತಿಯಿಂದ ಅಂತ ನಾನು ಹೇಳೋದಿಲ್ಲ. ಹೊಟ್ಟೆಪಾಡೂ ಅದರಲ್ಲಿತ್ತು. ಇನ್ನೊಂದು ಮಾತು, ಸೊಪ್ಪು ಕಡಿದು ಕಡಿದು ಬೆಟ್ಟ ಬೋಳು ಮಾಡಿದವರೂ ನಮ್ಮವರೇ. ಚಳವಳಿಗೆ ಅದರ ಅರಿವಿತ್ತು. ಅದಕ್ಕೇ ಅದರ ಘೋಷಣೆಯಲ್ಲಿ ಮೂರು ಕ್ರಿಯಾಪದ: ಉಳಿಸು, ಬೆಳೆಸು, ಬಳಸು. ಕಾಡಿಗೆ ಬೇಲಿ ಹಾಕಿ ದೂರ ನಿಲ್ಲಿ ಅಂತ ಅವರು ಹೇಳಲಿಲ್ಲ. ಕಡಿಮೆ ಸೌದೆ ತಿನ್ನುವ ಅಸ್ತ್ರ ಒಲೆಯನ್ನು ಅಡುಗೆಮನೆಗಳಿಗೆ ತಂದರು. ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಒಲೆ. ಹೊಗೆ ಕುಡಿದು ಕಣ್ಣು ಉರಿಸಿಕೊಳ್ಳುತ್ತಿದ್ದ ಹೆಂಗಸರಿಗೆ ಚಳವಳಿಯ ನೇರ ಫಾಯಿದೆ ಏನಾದರೂ ಸಿಕ್ಕಿದ್ದರೆ ಬಹುಶಃ ಅದೇ.

ಪ್ರಶಸ್ತಿ ವಿಷಯಕ್ಕೆ ಬರೋಣ. ಅಪ್ಪಿಕೋಗೆ ಅಕ್ಕನಂತಿದ್ದದ್ದು ಹಿಮಾಲಯದ ಚಿಪ್ಕೋ. 1974ರಲ್ಲಿ ರೇಣಿ ಗ್ರಾಮದ ಗೌರಾದೇವಿ ಮತ್ತು ಸಂಗಾತಿಗಳು ಮರ ಕಡಿಯಲು ಬಂದವರನ್ನು ತಡೆದದ್ದು ಈಗ ಪಾಠದಲ್ಲಿದೆ. ಚಿಪ್ಕೋದ ಕಥೆಯನ್ನು ಶಿರಸಿ ಸೀಮೆಗೆ ಹೊತ್ತು ತಂದವರು ಸುಂದರಲಾಲ್ ಬಹುಗುಣ. ಅವರಿಗೆ 1981ರಲ್ಲಿ ಪದ್ಮಶ್ರೀ ಬಂತು, ಬೇಡ ಅಂದರು. ಮರ ಇನ್ನೂ ಬೀಳ್ತಾ ಇದೆ, ಪದಕ ಇಟ್ಟುಕೊಂಡು ಏನು ಮಾಡಲಿ ಅನ್ನುವ ನಿಲುವು. 1987ರಲ್ಲಿ, ಪರ್ಯಾಯ ನೊಬೆಲ್ ಅಂತ ಹೆಸರಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಚಿಪ್ಕೋಗೆ ಬಂತು. ಅದು ಯಾರೋ ಒಬ್ಬರಿಗಲ್ಲ, ಇಡೀ ಚಳವಳಿಗೆ. ನನಗೆ ಇದು ಹೆಚ್ಚು ಸರಿ ಅನ್ನಿಸುತ್ತದೆ. 2009ರಲ್ಲಿ ಬಹುಗುಣರಿಗೆ ಪದ್ಮವಿಭೂಷಣವೂ ಬಂತು. 2021ರ ಮೇ ತಿಂಗಳಲ್ಲಿ ಕೋವಿಡ್ ಅವರನ್ನು ಕರೆದೊಯ್ದಿತು.

ಅದೇ 2021ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಒಂದು ಫೋಟೋ ನಿಮ್ಮೆಲ್ಲರ ವಾಟ್ಸ್ಆ್ಯಪ್‌ಗೂ ಬಂದಿರುತ್ತದೆ. ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡ. ಹಾಲಕ್ಕಿ ಸಮುದಾಯದ ಹೆಣ್ಣುಮಗಳು, ಶಾಲೆ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿಗೆ ದುಡಿದು, ಆಮೇಲೆ ಕಾಯಂ ಆದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಕಾಡಿನಲ್ಲಿ ತಾಯಿಮರ ಯಾವುದು ಅಂತ ಹೇಳಬಲ್ಲವರು. ಅವರಿಗೆ 1986ರಲ್ಲೇ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂದಿತ್ತು. ದೇಶ ಅವರತ್ತ ತಿರುಗಿ ನೋಡಲು ಮತ್ತೆ ಮೂವತ್ತೈದು ವರ್ಷ ಹಿಡಿಯಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಕಾಲಲ್ಲಿ ಚಪ್ಪಲಿ ಇಲ್ಲದ್ದನ್ನು ನೋಡಿ ಲೈಕ್ ಒತ್ತಿದವರು ಬಹಳ. ಅಷ್ಟು ವರ್ಷ ದಿನಗೂಲಿಯಲ್ಲೇ ಯಾಕಿದ್ದರು ಅಂತ ಕೇಳಿದವರು ಕಮ್ಮಿ.

ಈಗ ಬೇಡ್ತಿ. ಇದು ಯಲ್ಲಾಪುರ ದಾಟಿ, ಗಂಗಾವಳಿ ಅನ್ನಿಸಿಕೊಂಡು ಸಮುದ್ರ ಸೇರುವ ನದಿ. ಇದಕ್ಕೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ, 1980ರ ದಶಕದ ಆರಂಭದಲ್ಲಿ, ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನೇ ಶಿರಸಿಗೆ ಕರೆಸಿ ಲಾಭನಷ್ಟದ ಲೆಕ್ಕ ಹಾಕಿಸಿದ್ದರು. ಯೋಜನೆ ನಿಂತಿತು. ಈಗ ಅದೇ ನದಿಯ ನೀರನ್ನು ವರದಾಕ್ಕೆ ತಿರುಗಿಸುವ ಬೇಡ್ತಿ-ವರದಾ ಜೋಡಣೆಯ ಮಾತು ಎದ್ದಿದೆ. ಬಯಲುಸೀಮೆಗೆ ನೀರು ಬೇಕು, ಆ ಕಷ್ಟ ಸುಳ್ಳಲ್ಲ. ಆದರೆ ಬೇಸಿಗೆಯಲ್ಲಿ ಬೇಡ್ತಿಯ ಹಳ್ಳಗಳು ಎಷ್ಟು ಸೊರಗುತ್ತವೆ ಅನ್ನೋದನ್ನು ಏಪ್ರಿಲ್‌ನಲ್ಲಿ ಊರಿಗೆ ಹೋದವರು ನೋಡಿರುತ್ತೀರಿ.

ಮಂಜಿನ ಪದಕಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಭಾರತದ ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇರುವುದು ಗೋವಾದ ವಾಸ್ಕೋದಲ್ಲಿ. ಉತ್ತರ ಧ್ರುವದ ಮಂಜಿಗೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಅಲ್ಲಿನವರು ಅಭ್ಯಾಸ ಮಾಡುತ್ತಾರೆ. ಮಳೆ ಹದ ತಪ್ಪಿದರೆ ಏನಾಗುತ್ತದೆ ಅಂತ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಹೊಡೆಸಿ ಸುಸ್ತಾದ ನಿಮ್ಮಪ್ಪನನ್ನೇ ಕೇಳಿ.

ಊರಲ್ಲಿ ಈಗ ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಇಬ್ಬರೇ. ಮಕ್ಕಳು ಬೆಂಗಳೂರಲ್ಲಿ. 1983ರಲ್ಲಿ ಮರ ಅಪ್ಪಿದ ಮಗುವಿಗೆ ಈಗ ಐವತ್ತು ದಾಟಿರುತ್ತದೆ, ಆಗಿನ ಸೊಸೆ ಈಗಿನ ಅಜ್ಜಿ. ನಿಮ್ಮ ಮನೆಯಲ್ಲಿ ಅಂಥ ಅಜ್ಜಿ, ಆಯಿ, ದೊಡ್ಡಮ್ಮ ಇದ್ದರೆ ಮುಂದಿನ ಸಲ ಹೋದಾಗ ಫೋನಿನ ರೆಕಾರ್ಡರ್ ಒತ್ತಿಡಿ. ಯಾವ ಮರ, ಪಕ್ಕದಲ್ಲಿ ಯಾರಿದ್ದರು, ಮನೆಯಲ್ಲಿ ಯಾರು ಬೇಡ ಅಂದಿದ್ದರು, ಅಷ್ಟು ಕೇಳಿ. ಅವರು 'ಎಂತ ದೊಡ್ಡ ವಿಷಯ ಅದು' ಅಂತ ನಗಬಹುದು. ನಗಲಿ, ಹೆಸರುಗಳನ್ನು ಮಾತ್ರ ಬರೆದುಕೊಳ್ಳಿ.