ಲೆಕ್ಕ ಹಿಡಿದ ಉಣ್ಣೆ

ಜರ್ಮನಿಯ ಮ್ಯೂನಿಕ್‌ಗೆ ದಿನವೂ ರೈಲಿನಲ್ಲಿ ಓಡಾಡುತ್ತಿದ್ದ ಮಹಿಳೆಯೊಬ್ಬರು 2018ರ ಇಡೀ ವರ್ಷ ಒಂದು ಸ್ಕಾರ್ಫ್ ಹೆಣೆದರು. ದಿನಕ್ಕೆ ಎರಡು ಸಾಲು. ರೈಲು 5 ನಿಮಿಷದೊಳಗೆ ತಡವಾದರೆ ಬೂದು, 30 ನಿಮಿಷದವರೆಗಾದರೆ ಗುಲಾಬಿ, ಅದನ್ನೂ ಮೀರಿದರೆ ಅಥವಾ ಹೋಗುವಾಗ ಬರುವಾಗ ಎರಡೂ ಸಲ ತಡವಾದರೆ ಕೆಂಪು. 2019ರ ಜನವರಿಯಲ್ಲಿ ಆ ಸ್ಕಾರ್ಫ್ ಇ-ಬೇ ಹರಾಜಿನಲ್ಲಿ 7,550 ಯೂರೋಗೆ ಹೋಯಿತು. ಹಣ ರೈಲು ನಿಲ್ದಾಣಗಳಲ್ಲಿ ನೊಂದವರಿಗೆ ನೆರವಾಗುವ ಸೇವಾಸಂಸ್ಥೆಗೆ ಸಂದಿತು. ವರ್ಷದ ಸರಾಸರಿ ವಿಳಂಬ ಇಷ್ಟು ಎಂಬ ಒಂದೇ ಅಂಕಿ, ಕಾದವರ ದಿನಗಳನ್ನೆಲ್ಲ ನುಂಗಿಬಿಡುತ್ತದೆ. ಉಣ್ಣೆ ಅವನ್ನು ಒಂದೊಂದಾಗಿ ಉಳಿಸಿಕೊಂಡಿತು.

ಈ ಶಕ್ತಿ ಹೆಣಿಗೆಯ ರಚನೆಯಲ್ಲೇ ಇದೆ. ಇಂದಿನ ಸಾಲು ನಿನ್ನೆಯ ಸಾಲಿನ ಕುಣಿಕೆಗಳೊಳಗಿಂದಲೇ ಹುಟ್ಟಬೇಕು. ನಡುವಿನ ಒಂದು ದಿನವನ್ನು ತಿದ್ದಬೇಕೆಂದರೆ ಅಲ್ಲಿಯವರೆಗೆ ಬಿಚ್ಚಬೇಕು. 2017ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದ ‘ಟೆಂಪೆಸ್ಟ್ರಿ ಪ್ರಾಜೆಕ್ಟ್’ ಇದನ್ನೇ ನೆಚ್ಚಿಕೊಂಡಿತು. ಒಂದು ಊರಿನ ಒಂದು ವರ್ಷ, ದಿನಕ್ಕೊಂದು ಸಾಲು, ಅಂದಿನ ಗರಿಷ್ಠ ಉಷ್ಣಾಂಶಕ್ಕೆ ತಕ್ಕ ಬಣ್ಣ. ಬಣ್ಣದ ಪಟ್ಟಿ ಎಲ್ಲರಿಗೂ ಒಂದೇ ಆದ್ದರಿಂದ ಯಾರೋ ಹೆಣೆದ ಒಂದು ಊರನ್ನು ಇನ್ಯಾರೋ ಹೆಣೆದ ಮತ್ತೊಂದು ಊರಿನ ಪಕ್ಕದಲ್ಲಿ ತೂಗುಹಾಕಿ ಹೋಲಿಸಬಹುದು.

ಗ್ರಾಫ್ ಇರುವಾಗ ಈ ಶ್ರಮ ಏಕೆ ಎಂದು ಕೇಳುವವರಿದ್ದಾರೆ. ಟೆಂಪೆಸ್ಟ್ರಿಯಲ್ಲಿ ಒಂದೊಂದು ಬಣ್ಣ 5 ಡಿಗ್ರಿ ಫ್ಯಾರನ್‌ಹೀಟ್‌ನ ಅಂತರವನ್ನು ಒಟ್ಟಾಗಿ ಹಿಡಿಯುವುದರಿಂದ ಸೂಕ್ಷ್ಮ ವ್ಯತ್ಯಾಸ ಅಳಿಸಿಹೋಗುತ್ತದೆ ಎಂಬುದು ನಿಜವೇ. ಒಂದು ವರ್ಷದ ಬಿಸಿಲಿನಿಂದ ಹವಾಗುಣ ಬದಲಾಯಿತೆಂದು ಹೇಳಲೂ ಆಗದು. ಅದಕ್ಕೆ ಒಂದೇ ಊರಿನ ಹಲವು ವರ್ಷಗಳನ್ನು ಅಕ್ಕಪಕ್ಕ ಇಡಬೇಕು. ಆದರೆ ಅಳೆಯುವುದು ಉಪಕರಣದ ಕೆಲಸ, ಅಳೆದದ್ದನ್ನು ಮನಸ್ಸಿಗೆ ಇಳಿಸುವುದು ಬೇರೆಯೇ ಕೆಲಸ. 365 ಅಂಕಿಗಳನ್ನು ಕೈಯಾರೆ ಹಾಯ್ದವರು ಯಾವ ತಿಂಗಳು ಎಲ್ಲಿ ಕೆಂಪಾಯಿತೆಂಬುದನ್ನು ಮರೆಯಲಾರರು. ವಿಜ್ಞಾನಿಗಳೂ ಇದನ್ನು ಹಗುರವಾಗಿ ಕಂಡಿಲ್ಲ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಹವಾಮಾನ ವಿಜ್ಞಾನಿಯಾಗಿದ್ದ ಎಲ್ಲೀ ಹೈವುಡ್ ಜಾಗತಿಕ ತಾಪಮಾನದ ಏರಿಕೆಯನ್ನು ಕ್ರೋಶಾ ಕಂಬಳಿಯಾಗಿಸಿದರು. ಅಲ್ಲಿಯವರೇ ಆದ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ, ಈಗ ಜಗತ್ತಿಗೇ ಪರಿಚಿತವಾದ ನೀಲಿ-ಕೆಂಪು ತಾಪಮಾನ ಪಟ್ಟೆಗಳ ಹಿಂದೆ ಆ ಕಂಬಳಿಯ ಪ್ರೇರಣೆಯಿದೆ.

ಬಟ್ಟೆಯಲ್ಲಿ ನೆನಪು ಹಿಡಿದಿಡುವುದು ನಮಗೂ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿ ಮನೆಮಂದಿಯ ಹಳೆಯ ಸೀರೆ, ಧೋತರಗಳನ್ನೇ ಸೇರಿಸಿ ಹೊಲಿದ ನೆನಪು. ಅಲ್ಲಿ ಬಟ್ಟೆಯೇ ಸಾಕ್ಷಿ, ಕೀಲಿ ಬೇಕಿಲ್ಲ. ಅಂಕಿಯ ಹೆಣಿಗೆಗೆ ಮಾತ್ರ ಬೇಕು. ಯಾವ ಬಣ್ಣ ಏನು ಎಂಬ ಪಟ್ಟಿ ಕಳೆದರೆ ಅದು ಬರೀ ಪಟ್ಟೆಪಟ್ಟೆಯ ಶಾಲು. ಹೆಣಿಗೆ ಬಲ್ಲವರು ತಮ್ಮ ಊರಿನ ಒಂದು ವರ್ಷವನ್ನು ಕೈಗೆತ್ತಿಕೊಳ್ಳಲಿ. ಬಣ್ಣಗಳನ್ನು ಮೊದಲೇ ನಿಗದಿ ಮಾಡಿ, ಆ ಪಟ್ಟಿಯನ್ನು ಶಾಲಿನ ಅಂಚಿಗೇ ಹೊಲಿದಿಡಲಿ.