ಚಟ್ನಿಯ ಮೇಲಿನ ದೂರು, ಪ್ರಯೋಗಶಾಲೆಯ ತೀರ್ಪು

ಹೋಟೆಲಿನಲ್ಲಿ ಉಂಡವರಿಗೆ ವಾಂತಿಭೇದಿಯಾಯಿತೆಂಬ ದೂರು ಬಂದೊಡನೆ ಮೊದಲು ಕೆಲಸ ಕಳೆದುಕೊಳ್ಳತಕ್ಕವನು ಯಾರು? ಬಹುಮಟ್ಟಿಗೆ ಪಾತ್ರೆ ತೊಳೆಯುವ ಹುಡುಗ. ಅವನಿಲ್ಲದಿದ್ದರೆ ಚಟ್ನಿ ಅರೆಯುವವನು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ವರ್ಷಗಳಲ್ಲಿ ಈ ಪರಿಪಾಠವನ್ನು ನಾವು ಅನೇಕ ಕಡೆಗಳಲ್ಲಿ ಕಂಡಿದ್ದೇವೆ. ದೋಷವಿದ್ದುದು ಕೈಯಲ್ಲೋ, ನೀರಿನಲ್ಲೋ, ಬೆಳಗ್ಗೆ ಬೇಯಿಸಿ ಸಂಜೆಯವರೆಗೆ ಇಟ್ಟ ಅನ್ನದಲ್ಲೋ ಎಂದು ವಿಚಾರಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದರೆ ಇದನ್ನು ಊಹೆಯಿಂದ ತೀರ್ಮಾನಿಸಬೇಕಾದ ಕಾಲ ಕಳೆದು ನೂರು ವರ್ಷಗಳ ಮೇಲಾಯಿತು. ಪ್ರಯೋಗಶಾಲೆಯವರು ಇದನ್ನು ಹೇಗೆ ಕಂಡುಹಿಡಿಯುತ್ತಾರೆಂಬುದು ವೈದ್ಯರಿಗಿಂತ ಹೆಚ್ಚಾಗಿ ನಮ್ಮ ಹೋಟೆಲು ಬಂಧುಗಳಿಗೆ ತಿಳಿದಿರತಕ್ಕ ವಿಷಯ.

ನೀರಿನಿಂದಲೇ ಆರಂಭಿಸೋಣ. ಬೇಲಾಪುರದಲ್ಲಿ ಕೊಂಕಣ ಭವನದ ಗುಮಾಸ್ತರು ಮಧ್ಯಾಹ್ನ ಕುಡಿಯುವ ನೀರು ಖಾಲಾಪುರದ ಕಡೆಯ ಮೋರ್ಬೆ ಅಣೆಕಟ್ಟಿನಿಂದ ಶುದ್ಧೀಕರಣಗೊಂಡು ಬರತಕ್ಕದ್ದು. ಅಲ್ಲಿಯವರೆಗಿನ ಹೊಣೆ ಮಹಾನಗರಪಾಲಿಕೆಯದು. ಅನಂತರ ಅದು ಕಟ್ಟಡದ ನೆಲದಡಿಯ ತೊಟ್ಟಿಗೆ ಇಳಿದು, ಪಂಪಿನ ಮೂಲಕ ಮಾಳಿಗೆಯ ಟಾಂಕಿಗೆ ಏರಿ, ನಲ್ಲಿಗೆ ಬರುತ್ತದೆ. ಈ ದಾರಿಯಲ್ಲಿ ಮುಚ್ಚಳ ಒಡೆದಿದ್ದರೆ, ಪಕ್ಕದ ಚರಂಡಿ ಸೋರುತ್ತಿದ್ದರೆ, ಅಣೆಕಟ್ಟಿನ ನೀರು ಎಷ್ಟು ಶುದ್ಧವಾಗಿದ್ದರೇನು? ಸೊಸೈಟಿಗಳ ಕಾರ್ಯದರ್ಶಿಗಳಾಗಿರುವ ನಮ್ಮ ಗುಮಾಸ್ತ ಓದುಗರೂ ಈ ಮಾತನ್ನು ಗಮನಿಸಬೇಕು.

ನೀರಿನಲ್ಲಿರಬಹುದಾದ ಪ್ರತಿಯೊಂದು ರೋಗಾಣುವನ್ನೂ ಬೇರೆ ಬೇರೆಯಾಗಿ ಹುಡುಕುವುದು ದುಸ್ಸಾಧ್ಯ. ಆದುದರಿಂದ ಪರೀಕ್ಷಕರು ಒಬ್ಬ ಸಾಕ್ಷಿಯನ್ನು ಹುಡುಕುತ್ತಾರೆ. 1885ರಲ್ಲಿ ಜರ್ಮನಿಯ ವೈದ್ಯ ಥಿಯೋಡೋರ್ ಎಷೆರಿಖ್ ಎಂಬವರು ಮಕ್ಕಳ ಮಲದಲ್ಲಿ ಕಂಡು ವರ್ಣಿಸಿದ, ಇಂದು ಇ. ಕೋಲಿ ಎಂದು ಕರೆಯಲ್ಪಡುವ ಜೀವಿಯೇ ಈ ಸಾಕ್ಷಿ. ಇದರ ಬಹುಪಾಲು ತಳಿಗಳು ನಿರುಪದ್ರವಿಗಳು. ಆದರೆ ಇದರ ವಾಸ ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ. ಕುಡಿಯುವ ನೀರಿನಲ್ಲಿ ಇದು ಕಂಡುಬಂದರೆ ಎಲ್ಲಿಂದಲೋ ಮಲ ಸೇರಿದೆಯೆಂದೇ ಅರ್ಥ. ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇದು ಒಂದೂ ಕಾಣಬಾರದು.

ಪರೀಕ್ಷೆಯ ಕ್ರಮ ನಮ್ಮ ಅಡುಗೆಯವರಿಗೆ ಬೇಗನೆ ಅರ್ಥವಾದೀತು. ಹದಿನೈದು ಗಾಜಿನ ನಳಿಗೆಗಳಲ್ಲಿ ಹಾಲಿನ ಸಕ್ಕರೆ ಮತ್ತು ಪಿತ್ತದ ಲವಣ ಬೆರೆಸಿದ ನೇರಳೆ ಬಣ್ಣದ ಸಾರನ್ನು ತುಂಬುತ್ತಾರೆ. ಪಿತ್ತವಿರುವಲ್ಲಿ ಬಾಳಬಲ್ಲದ್ದು ಹೆಚ್ಚಾಗಿ ಕರುಳಿನ ಜೀವಿಯೇ. ಬೀದಿಯ ಧೂಳಿನ ಜೀವಿಗಳಲ್ಲಿ ಅನೇಕವು ಅಲ್ಲಿ ಸೊರಗುತ್ತವೆ. ಪ್ರತಿ ನಳಿಗೆಯೊಳಗೂ ಬೋರಲಾದ ಒಂದು ಪುಟ್ಟ ನಳಿಗೆಯುಂಟು. ಐದರಲ್ಲಿ ಹತ್ತು ಮಿಲಿಲೀಟರ್, ಐದರಲ್ಲಿ ಒಂದು, ಮಿಕ್ಕ ಐದರಲ್ಲಿ ಅದರ ಹತ್ತನೆಯ ಒಂದಂಶ, ಹೀಗೆ ನೀರು ಹಾಕಿ 37 ಡಿಗ್ರಿ ಶಾಖದಲ್ಲಿ ಎರಡು ದಿನ ಇಡುತ್ತಾರೆ. ಜೀವಿಯಿದ್ದಲ್ಲಿ ಸಾರು ಹುಳಿಯಾಗಿ ನೇರಳೆ ಬಣ್ಣ ಹಳದಿಗೆ ತಿರುಗುತ್ತದೆ. ಪುಟ್ಟ ನಳಿಗೆಯಲ್ಲಿ ಗುಳ್ಳೆ ಕಟ್ಟುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಗ್ಗೆ ಉಬ್ಬುವುದೂ ಇಂಥ ವಾಯುವಿನಿಂದಲೇ, ಜೀವಿಗಳು ಮಾತ್ರ ಬೇರೆ. ಎಷ್ಟು ನಳಿಗೆಗಳಲ್ಲಿ ಗುಳ್ಳೆ ಬಂದಿದೆಯೆಂದು ಎಣಿಸಿ, ಕೋಷ್ಟಕ ನೋಡಿ, ಜೀವಿಗಳ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಸಂದೇಹವಿದ್ದುದನ್ನು ಪುನಃ 44.5 ಡಿಗ್ರಿಯಲ್ಲಿಟ್ಟು ಇ. ಕೋಲಿಯೇ ಹೌದೆಂದು ಖಚಿತಪಡಿಸಿಕೊಳ್ಳುತ್ತಾರೆ.

ಆಹಾರದ ಪರೀಕ್ಷೆಗೆ ಬೇಕಾದ ಮುಖ್ಯ ವಸ್ತುವಂತೂ ಅಡುಗೆಮನೆಯಿಂದಲೇ ಹೋದದ್ದು. ರಾಬರ್ಟ್ ಕಾಖ್ ಅವರ ಪ್ರಯೋಗಶಾಲೆಯಲ್ಲಿ ಜೀವಿಗಳನ್ನು ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಬಿಸಿಯಾದರೆ ಅದು ಕರಗಿಹೋಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಹೆಸ್ ಎಂಬವರ ಪತ್ನಿ ಫ್ಯಾನಿ ಹೆಸ್ ಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಬಳಸುತ್ತಿದ್ದ, ಸಮುದ್ರದ ಪಾಚಿಯಿಂದಾದ ಅಗರ್ ಅನ್ನು 1881ರ ಸುಮಾರಿಗೆ ಸೂಚಿಸಿದರು. ಜಾವಾ ದ್ವೀಪದಲ್ಲಿದ್ದು ಬಂದ ಡಚ್ಚರಿಂದ ಆಕೆ ಅದನ್ನು ಕಲಿತಿದ್ದರಂತೆ. ಅಗರ್ ಎಂದರೆ ಬೇರೇನಲ್ಲ, ನಾವು ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಚೀನಾ ಗ್ರಾಸ್! ಜಗತ್ತಿನ ಪ್ರಯೋಗಶಾಲೆಗಳೆಲ್ಲ ಇಂದಿಗೂ ಅದನ್ನೇ ನೆಚ್ಚಿಕೊಂಡಿವೆ. ಆ ಗೃಹಿಣಿಯ ಹೆಸರು ಪಠ್ಯಪುಸ್ತಕಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಅಪರೂಪವೆಂಬುದು ನಮಗೆ ಆಶ್ಚರ್ಯವನ್ನುಂಟುಮಾಡುವುದಿಲ್ಲ.

ಇಪ್ಪತ್ತೈದು ಗ್ರಾಂ ಆಹಾರವನ್ನು ಅದರ ಒಂಬತ್ತು ಪಾಲು ದ್ರವದಲ್ಲಿ ಕಲಸಿ, ಮತ್ತೆ ಮತ್ತೆ ಹತ್ತುಪಟ್ಟು ತೆಳುಮಾಡಿ, ಅಗರ್ ತಟ್ಟೆಯ ಮೇಲೆ ಹಾಕಿದರೆ ಒಂದೊಂದು ಜೀವಿಯೂ ಕಣ್ಣಿಗೆ ಕಾಣುವ ಒಂದೊಂದು ಚುಕ್ಕೆಯಾಗಿ ಬೆಳೆಯುತ್ತದೆ. ಆದರೆ ಬರಿಯ ಎಣಿಕೆಯಿಂದ ತೀರ್ಪು ಕೊಡುವಂತಿಲ್ಲ. ಹುಳಿಬಂದ ಇಡ್ಲಿಹಿಟ್ಟಿನಲ್ಲಿ ಗ್ರಾಮಿಗೆ ಕೋಟಿಗಟ್ಟಲೆ ಜೀವಿಗಳಿರುತ್ತವೆ. ಅವು ನಮ್ಮ ಅನ್ನದಾತರು! ಆದುದರಿಂದ ಯಾವ ಜೀವಿ ಎಂಬುದೇ ಪ್ರಶ್ನೆ. ಅದಕ್ಕಾಗಿ ಒಂದೊಂದಕ್ಕೂ ಬೇರೆ ಬೇರೆ ತಟ್ಟೆಗಳಿವೆ. ಗಾಯದಲ್ಲಿ, ಮೂಗಿನಲ್ಲಿ ಇರುವ ಸ್ಟಾಫಿಲೋಕಾಕಸ್ ಒಂದು ತಟ್ಟೆಯಲ್ಲಿ ಸುತ್ತಲೂ ತಿಳಿವಲಯವಿರುವ ಕಪ್ಪು ಚುಕ್ಕೆಯಾಗಿ ಏಳುತ್ತದೆ. ಸಾಲ್ಮೊನೆಲ್ಲಾ ಇನ್ನೊಂದರಲ್ಲಿ ಸಾಮಾನ್ಯವಾಗಿ ಕೆಂಪಾಗಿ, ನಡುವೆ ಕಪ್ಪಾಗಿ ಕಾಣುತ್ತದೆ. ಈ ಸಾಲ್ಮೊನೆಲ್ಲಾವನ್ನು ಹಿಡಿಯಲು ಮೊದಲು ಒಂದು ರಾತ್ರಿ ಬಡಕಲಾದ ಜೀವಿಗಳಿಗೆ ಪುಷ್ಟಿ ಕೊಟ್ಟು, ಮರುದಿನ ಇತರರನ್ನು ತಡೆಯುವ ದ್ರವದಲ್ಲಿಟ್ಟು, ಮೂರನೆಯ ದಿನ ತಟ್ಟೆಗೆ ಹಾಕಿ, ಅನಂತರ ಖಚಿತಪಡಿಸಬೇಕು. ಹೀಗೆ ನಾಲ್ಕೈದು ದಿನ ಹಿಡಿಯುತ್ತದೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದ ಪಿ.ಸಿ.ಆರ್. ವಿಧಾನವು ಜೀವಿಯ ವಂಶತಂತುವನ್ನೇ ಇಮ್ಮಡಿ ಇಮ್ಮಡಿಯಾಗಿ ಹೆಚ್ಚಿಸಿ ತಾಸುಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಸತ್ತ ಜೀವಿಯ ತಂತುವನ್ನೂ ಅದು ಹಿಡಿಯುವುದರಿಂದ ತಟ್ಟೆಯ ಸಾಕ್ಷ್ಯ ಇನ್ನೂ ಬೇಕೇ ಆಗುತ್ತದೆ.

ಈ ಶ್ರಮವೆಲ್ಲ ಯಾತಕ್ಕೆಂಬುದಕ್ಕೆ ನಮ್ಮ ಕಾಸರಗೋಡು ಜಿಲ್ಲೆಯ ಪ್ರಕರಣವೊಂದೇ ಸಾಕು. 2022ರ ಮೇ 1ರಂದು ಅಲ್ಲಿನ ಚೆರುವತ್ತೂರಿನಲ್ಲಿ ಷವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟಳು; ಹಲವರು ಆಸ್ಪತ್ರೆ ಸೇರಿದರು. ರೋಗಿಗಳ ಮಾದರಿಗಳಲ್ಲಿ ಷಿಗೆಲ್ಲಾ ಎಂಬ ಜೀವಿ ಕಂಡುಬಂತು. ಅಂಗಡಿಯಿಂದ ತೆಗೆದ ಕೋಳಿಯ ಷವರ್ಮಾದಲ್ಲಿ ಷಿಗೆಲ್ಲಾ, ಸಾಲ್ಮೊನೆಲ್ಲಾ ಎರಡೂ ಇದ್ದುವು. ಅದಲ್ಲದೆ ಮೆಣಸಿನ ಪುಡಿಯಲ್ಲಿಯೂ ಸಾಲ್ಮೊನೆಲ್ಲಾ ಇತ್ತು! ಒಣಪುಡಿಯ ಡಬ್ಬಿಯ ಮೇಲೆ ಸಂದೇಹಪಡುವವರು ನಮ್ಮಲ್ಲಿ ಎಷ್ಟು ಮಂದಿ? ಪರೀಕ್ಷೆಯಿಲ್ಲದಿದ್ದರೆ ಆ ಡಬ್ಬಿ ಕಪಾಟಿನಲ್ಲಿ ಹಾಗೆಯೇ ಉಳಿಯುತ್ತಿತ್ತು.

ಕುದಿಸಿದರೆ ಎಲ್ಲವೂ ಶುದ್ಧವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಸ್ಟಾಫಿಲೋಕಾಕಸ್ ಆಹಾರದಲ್ಲಿ ಬಿಟ್ಟ ವಿಷವು ಕುದಿಸಿದರೂ ಉಳಿಯುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಕಗಳು ಅನ್ನ ಬೇಯುವಾಗ ಸಾಯದೆ, ಅನ್ನ ಬೆಚ್ಚಗೆ ಕುಳಿತಿರುವಾಗ ಮೊಳೆತು ವಿಷ ಬಿಡುತ್ತವೆ. ಸಂಜೆ ಅದನ್ನೇ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಆ ವಿಷ ಹೋಗದು. ಅನ್ನವನ್ನು 60 ಡಿಗ್ರಿಗಿಂತ ಬಿಸಿಯಾಗಿಡಬೇಕು, ಇಲ್ಲವೆ ಬೇಗನೆ ಆರಿಸಿ 5 ಡಿಗ್ರಿಗಿಂತ ತಂಪಾಗಿಡಬೇಕು. ಇಂಥಲ್ಲಿ ಪಾತ್ರೆ ತೊಳೆಯುವ ಹುಡುಗನ ಅಪರಾಧವೇನು? ಅನ್ನವನ್ನು ಹೊರಗಿಡಲು ಹೇಳಿದವರು ಬೇರೆ.

ಹಾಗೆಂದು ಕೈಯ ದೋಷವೇ ಇಲ್ಲವೆಂದಲ್ಲ. ನ್ಯೂಯಾರ್ಕಿನಲ್ಲಿ ಅಡುಗೆಯವಳಾಗಿದ್ದ ಮೇರಿ ಮಾಲನ್ ತಾನು ಆರೋಗ್ಯವಂತಳಾಗಿದ್ದೂ ವಿಷಮಶೀತಜ್ವರದ ಅಣುಗಳನ್ನು ಹರಡುತ್ತಿದ್ದಳೆಂದು 1907ರಲ್ಲಿ ಮಲಪರೀಕ್ಷೆಯಿಂದ ತಿಳಿದುಬಂತು. ಆಕೆಯನ್ನು ದ್ವೀಪವೊಂದರಲ್ಲಿ ಇರಿಸಿದರು, 1910ರಲ್ಲಿ ಬಿಟ್ಟರು, ಹೊಟ್ಟೆಪಾಡಿಗೆ ಮತ್ತೆ ಅಡುಗೆಗೇ ಸೇರಿದ ಆಕೆಯನ್ನು 1915ರಲ್ಲಿ ಮತ್ತೆ ಹಿಡಿದು, 1938ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇಟ್ಟರು. ಅಡುಗೆಯ ಹೊರತು ಬೇರೆ ಜೀವನೋಪಾಯವನ್ನು ಸರಿಯಾಗಿ ಒದಗಿಸದೆ ಆಕೆಯನ್ನು ದೂಷಿಸಿದುದು ನ್ಯಾಯವೆಂದು ನಮಗೆ ತೋರುವುದಿಲ್ಲ. ನಮ್ಮ ದೇಶದ ನಿಯಮದಂತೆ ಆಹಾರ ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆಯಾಗಬೇಕು. ಮುಖ ನೋಡದೆ ಮೊಹರು ಹಾಕಿಸಿ ತಂದ ಕಾಗದದಿಂದ ಮಾಲಿಕನಿಗೂ ನೌಕರನಿಗೂ ರಕ್ಷಣೆಯಿಲ್ಲ.

ಪ್ರಯೋಗಶಾಲೆಗೆ ಹೋಗುವ ಮೊದಲೇ ನಾವು ಮಾಡಬಹುದಾದುದೂ ಉಂಟು. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಂಜಾ, ಮೌರ್ಯ, ರಾವ್ ಎಂಬ ಮೂವರು 1982ರಲ್ಲಿ ಪ್ರಕಟಿಸಿದ ಸುಲಭ ವಿಧಾನವೊಂದಿದೆ. ಔಷಧದ್ರವ ಹೀರಿ ಒಣಗಿದ ಕಾಗದವಿರುವ ಸೀಸೆಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ, ಮಲದ ಜೀವಿಗಳಿದ್ದಲ್ಲಿ ಒಂದೆರಡು ದಿನಗಳಲ್ಲಿ ನೀರು ಕಪ್ಪಾಗುತ್ತದೆ. ಗಂಧಕಾಂಶವಿರುವ ಕೆಲವು ಬಾವಿನೀರು ಸುಮ್ಮನೆ ಕಪ್ಪಾಗಬಹುದಾದ್ದರಿಂದ ಇದು ಕೊನೆಯ ತೀರ್ಪಲ್ಲ. ಟಾಂಕಿ ತೊಳೆಸಲು ಸಾಕಷ್ಟು ಕಾರಣ ಮಾತ್ರ ಆದೀತು.

ದೂರು ಬಂದ ದಿನ ಅನೇಕ ಮಾಲಿಕರು ಮಾಡುವ ಮೊದಲ ಕೆಲಸ ಉಳಿದ ಪದಾರ್ಥವನ್ನು ಚರಂಡಿಗೆ ಸುರಿಯುವುದು. ಇದರಿಂದ ನಿರಪರಾಧಿಯ ಸಾಕ್ಷ್ಯವೂ ಹರಿದುಹೋಗುತ್ತದೆ. ಉಳಿದುದನ್ನು ಬಡಿಸದೆ, ಸ್ವಚ್ಛ ಪಾತ್ರೆಯಲ್ಲಿ ಮುಚ್ಚಿ, ದಿನಾಂಕವನ್ನೂ ವೇಳೆಯನ್ನೂ ಬರೆದು ಶೀತಪೆಟ್ಟಿಗೆಯಲ್ಲಿಡಿ. ಅಧಿಕಾರಿಗಳು ಮಾದರಿ ತೆಗೆದಾಗ 2006ರ ಆಹಾರ ಸುರಕ್ಷತಾ ಕಾನೂನಿನ 47ನೆಯ ಪ್ರಕರಣದಂತೆ ಅದನ್ನು ನಾಲ್ಕು ಭಾಗ ಮಾಡಬೇಕೆಂದಿದೆ. ಅದರಲ್ಲೊಂದನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಗೆ ಕಳುಹಿಸಿರೆಂದು ಮಾಲಿಕನು ಕೇಳಬಹುದು. ವಿಶ್ಲೇಷಕರ ವರದಿಗೆ ಹದಿನಾಲ್ಕು ದಿನಗಳ ಅವಧಿಯುಂಟು. ಅಷ್ಟು ದಿನ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿಯೇ ಇರಲಿ.